ತಿಂಗಳು ತುಂಬದ ಮಗುವನ್ನು ಎಲ್ಲಿ, ಹೇಗೆ ಮಲಗಿಸುವುದು? ಮನೆಯಲ್ಲಿ ದಿನಾ ಚರ್ಚೆ

ಕಟಪಾಡಿ_ಬಾಣಂತಿ
ಎಲ್ಲರಿಗೂ ನಮಸ್ಕಾರ. ಚೊಚ್ಚಲ ಹೆರಿಗೆ, ತವರು ಮನೆಯಲ್ಲಿದ್ದೇನೆ. ಮಗಳಿಗೆ ಇನ್ನೂ ತಿಂಗಳು ತುಂಬಿಲ್ಲ. ದಿನ ತುಂಬಿಯೇ ಹುಟ್ಟಿದ್ದು, ತೂಕ 2.9 ಕೆ.ಜಿ. ಇತ್ತು, ಹಾಲು ಚೆನ್ನಾಗಿ ಕುಡಿಯುತ್ತಾಳೆ. ಗಲಾಟೆ ಇರುವುದು ಮಲಗಿಸುವ ವಿಷಯದಲ್ಲಿ.

ಅಮ್ಮ ಹಳೇ ಕಾಟನ್ ಸೀರೆಯಲ್ಲಿ ಜೋಲಿ ಕಟ್ಟಿದ್ದಾರೆ. ಅಜ್ಜಿಗೆ ಅದು ಆಗುವುದಿಲ್ಲ, ಅಟ್ಟದಲ್ಲಿರುವ ಹಲಸಿನ ಮರದ ತೊಟ್ಟಿಲೇ ಆಗಬೇಕು. ತಲೆ ಉರುಟಾಗಲಿ ಅಂತ ಅತ್ತೆ ಸಾಸಿವೆ ದಿಂಬು ಹೊಲಿದು ಕಳಿಸಿದ್ದಾರೆ. ಕುವೈತ್‌ನಲ್ಲಿರುವ ನಮ್ಮವರು ದಿನಕ್ಕೊಂದು ವಿಡಿಯೊ ಕಳಿಸಿ ಅದು ಡೇಂಜರ್, ಇದು ಡೇಂಜರ್ ಅನ್ನುತ್ತಾರೆ. ಮಳೆಗಾಲ ಅಂತ ಮಗುವಿಗೆ ಟೊಪ್ಪಿ, ಸಾಕ್ಸ್, ಮೇಲೆ ಎರಡು ಹೊದಿಕೆ. ಕಿಟಕಿ ತೆಗೆಯುವ ಹಾಗಿಲ್ಲ. ಮೀಯಿಸಿದ ಮೇಲೆ ಲೋಬಾನದ ಹೊಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಮಗು ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಕೈ ಹಿಡಿದು ಕೂತಿರುತ್ತೇನೆ.

ಇದರಲ್ಲಿ ನಿಜವಾಗಿ ಅಪಾಯ ಯಾವುದು, ಸುಮ್ನೆ ಹೆದರಿಕೆ ಯಾವುದು?

ನೀರುದೋಸೆ
ಅಭಿನಂದನೆ ಮಾರಾಯ್ತಿ! ಮೊದಲು ಆ ದಿಂಬು ಎತ್ತಿ ಬದಿಗಿಡಿ. ನನ್ನ ಇಬ್ಬರೂ ಮಕ್ಕಳು ಒಂದು ವರ್ಷದವರೆಗೆ ದಿಂಬೇ ಕಂಡಿಲ್ಲ. ಇಬ್ಬರ ತಲೆಯೂ ಉರುಟಾಗಿಯೇ ಉಂಟು. ಒಳಗೆ ಬುದ್ಧಿ ಎಷ್ಟು ಉಂಟು ಅಂತ ಕೇಳಬೇಡಿ.

ಮಲ್ಪೆ_ಬಂಗುಡೆ
ದಿಂಬು ಬಿಚ್ಚಿ ಸಾಸಿವೆ ಒಗ್ಗರಣೆಗೆ ಹಾಕಿ. ಅತ್ತೆ ಬರುವ ದಿನ ಮಾತ್ರ ಹುಷಾರು.

ಪುತ್ತೂರಿನ_ಅಜ್ಜಿ
ನಾನು ಮಗಳಂದಿರ, ಸೊಸೆಯಂದಿರ ಬಾಣಂತನ ಎಲ್ಲ ಮಾಡಿದವಳು. ಜೋಲಿಯಲ್ಲಿ ಮಲಗಿದ ಮಗು ಹೊಟ್ಟೆಯೊಳಗೆ ಇದ್ದ ಹಾಗೇ ಬೆಚ್ಚಗೆ ಮುದುಡಿ ಮಲಗುತ್ತದೆ, ಬೆಚ್ಚಿ ಬೀಳುವುದಿಲ್ಲ. ನಮ್ಮ ಮಕ್ಕಳು ಯಾರಿಗೂ ಏನೂ ಆಗಿಲ್ಲ. ಈಗಿನವರು ಮೊಬೈಲ್ ನೋಡಿ ಹೆದರುವುದು ಜಾಸ್ತಿ.

ಸುರತ್ಕಲ್_ಇಂಜಿನಿಯರ್
ಅಜ್ಜಿ, ಬೇಜಾರು ಮಾಡಬೇಡಿ. "ನಮ್ಮ ಮಕ್ಕಳಿಗೆ ಏನೂ ಆಗಿಲ್ಲ" ಅಂತ ಹೇಳುವುದು ಏನೂ ಆಗದವರು ಮಾತ್ರ. ಆದವರು ಇಲ್ಲಿ ಬಂದು ಬರೆಯುವುದಿಲ್ಲ. ಹಿಂದೆ ಪ್ರತಿ ಮನೆಯಲ್ಲೂ ಒಂದೋ ಎರಡೋ ಮಕ್ಕಳು ತೀರಿಹೋಗಿರುತ್ತಿದ್ದವು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ.

ಪುತ್ತೂರಿನ_ಅಜ್ಜಿ
ಅದು ಹೌದು ಮಗಾ. ನನ್ನ ಅತ್ತೆಗೇ ಹಾಗೆ ಎರಡು ಹೋಗಿದೆ. ಆದರೆ ಅದು ಜೋಲಿಯಿಂದ ಅಂತ ನೀನು ಹೇಗೆ ಹೇಳುತ್ತೀ?

ಮಣಿಪಾಲ_ಪಿಜಿ
ಮಕ್ಕಳ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಜೋಲಿಯ ಸಮಸ್ಯೆ ಸೀರೆಯದ್ದಲ್ಲ, ಅದರ ಆಕಾರದ್ದು. ಹುಟ್ಟಿದ ಮಗುವಿಗೆ ಕುತ್ತಿಗೆ ನಿಂತಿರುವುದಿಲ್ಲ. ತಲೆ ದೊಡ್ಡದು, ಉಸಿರಿನ ದಾರಿ ಸಣ್ಣದು, ಮೆತ್ತಗಿನದು. ತಳ ಬಾಗಿದ್ದರೆ ಗದ್ದ ಎದೆಗೆ ತಾಗುತ್ತದೆ. ಗದ್ದ ತಾಗಿದರೆ ಉಸಿರಿನ ದಾರಿ ಮಡಚಿದ ಹಾಗಾಗುತ್ತದೆ. ಮಗು ಅಳುವುದಿಲ್ಲ, ಒದ್ದಾಡುವುದಿಲ್ಲ, ಸುಮ್ಮನೆ ಮಲಗಿದ ಹಾಗೇ ಕಾಣುತ್ತದೆ. ಬದಿಯ ಬಟ್ಟೆ ಮುಖಕ್ಕೆ ಅಂಟಿದರೆ ತಾನೇ ಸರಿಸಿಕೊಳ್ಳಲು ಅದಕ್ಕೆ ಬರುವುದೂ ಇಲ್ಲ. ಕಾರ್ ಸೀಟು, ಬೌನ್ಸರ್ (ಮಗುವನ್ನು ಒರಗಿಸಿ ಕೂರಿಸುವ ಕುರ್ಚಿ), ಸೋಫಾದ ಮೂಲೆ ಎಲ್ಲದಕ್ಕೂ ಇದೇ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿಯಲ್ಲಿ, ಮಲಗುವ ಜಾಗ 10 ಡಿಗ್ರಿಗಿಂತ ಜಾಸ್ತಿ ಓರೆ ಇರಬಾರದು ಅಂತ ಸ್ಪಷ್ಟವಾಗಿ ಉಂಟು.

ಬೇಕಾಗಿರುವುದು ಇಷ್ಟೇ: ಸಮತಟ್ಟಾದ, ಗಟ್ಟಿಯಾದ ಜಾಗ. ಮಗು ಅಂಗಾತ. ಮುಖದ ಸುತ್ತ ಏನೂ ಇಲ್ಲ. ತಾಯಿ ಇರುವ ಕೋಣೆಯಲ್ಲೇ, ಕೈಗೆ ಸಿಗುವಷ್ಟು ಹತ್ತಿರ, ಕಡಿಮೆ ಎಂದರೆ ಮೊದಲ ಆರು ತಿಂಗಳು. ಹೊಗೆ ಬೇಡ. ಎದೆಹಾಲು ಕೊಡುವುದೂ ಅಪಾಯ ಕಡಿಮೆ ಮಾಡುತ್ತದೆ.

ದಿಂಬಿನ ವಿಷಯ ನೀರುದೋಸೆ ಅಕ್ಕ ಹೇಳಿದ್ದಾರೆ. ತಲೆ ಒಂದೇ ಕಡೆ ಚಪ್ಪಟೆ ಆಗುವುದು ಒಂದೇ ಬದಿಗೆ ತಿರುಗಿ ಮಲಗುವುದರಿಂದ. ಒಂದು ರಾತ್ರಿ ತಲೆ ಈ ತುದಿಗೆ, ಮರುದಿನ ಆ ತುದಿಗೆ ಹಾಕಿ. ಮಗು ಬೆಳಕಿನ ಕಡೆ, ಅಮ್ಮನ ಕಡೆ ತಾನಾಗಿ ತಿರುಗುತ್ತದೆ. ಹಗಲು ಎಚ್ಚರ ಇದ್ದಾಗ, ನೀವು ಎದುರಿಗೆ ಕೂತು, ಸ್ವಲ್ಪ ಹೊತ್ತು ಕವುಚಿ ಹಾಕಿ. ಕುತ್ತಿಗೆಗೂ ಬಲ ಬರುತ್ತದೆ. ಯಾವಾಗಲೂ ಒಂದೇ ಬದಿಗೆ ಕುತ್ತಿಗೆ ಎಳೆದುಕೊಂಡರೆ ಮಾತ್ರ ಡಾಕ್ಟರಿಗೆ ತೋರಿಸಿ.

ಕಟಪಾಡಿ_ಬಾಣಂತಿ
ಡಾಕ್ಟ್ರೇ ತುಂಬಾ ಥ್ಯಾಂಕ್ಸ್. ಆದರೆ ಹಾಲು ಕುಡಿದ ಮೇಲೆ ಕಕ್ಕುತ್ತಾಳೆ. ಅಂಗಾತ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಪಕ್ಕಕ್ಕೆ ತಿರುಗಿಸಿ ಬೆನ್ನಿಗೆ ಬಟ್ಟೆ ಒತ್ತು ಕೊಡು ಅಂತ ಅಮ್ಮ ಹೇಳುತ್ತಾರೆ.

ಮಣಿಪಾಲ_ಪಿಜಿ
ಓಪಿಡಿಯಲ್ಲಿ ದಿನಾ ಕೇಳುವ ಪ್ರಶ್ನೆ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನದ ಕೊಳವೆ ಕೆಳಗೆ ಇರುತ್ತದೆ. ಮೇಲೆ ಬಂದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಕವುಚಿ ಮಲಗಿದಾಗ ಉಲ್ಟಾ, ಹಾಲು ಇಳಿದು ಬರುವ ದಾರಿಯಲ್ಲೇ ಉಸಿರಿನ ಕೊಳವೆ ಇರುತ್ತದೆ. ಪಕ್ಕಕ್ಕೆ ಮಲಗಿಸಿದ ಮಗು ಸುಲಭವಾಗಿ ಕವುಚಿ ಬೀಳುತ್ತದೆ, ಒತ್ತು ಕೊಟ್ಟ ಬಟ್ಟೆ ಮುಖಕ್ಕೆ ಬರುತ್ತದೆ. ತೇಗು ಬರಿಸಿ, ಸ್ವಲ್ಪ ಹೊತ್ತು ಹೆಗಲಿಗೆ ಹಾಕಿಕೊಂಡು, ಆಮೇಲೆ ಅಂಗಾತ ಮಲಗಿಸಿ. ತೂಕ ಏರುತ್ತಿದ್ದರೆ ಸ್ವಲ್ಪ ಕಕ್ಕಿದ್ದಕ್ಕೆ ತಲೆಬಿಸಿ ಬೇಡ. ಹಸಿರು ಬಣ್ಣದ ವಾಂತಿಯಾದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ.

ಕುಂದಾಪ್ರ_ಮಾಣಿ
ಆದರೆ ನಮ್ಮ ಪಾಪು ಐಸಿಯುನಲ್ಲಿದ್ದಾಗ ಸಿಸ್ಟರ್‌ಗಳೇ ಕವುಚಿ ಹಾಕುತ್ತಿದ್ದರಲ್ಲ? ಏಳನೇ ತಿಂಗಳಿಗೆ ಹುಟ್ಟಿದ್ದು. ಮನೆಗೆ ಬಂದ ಮೇಲೂ ಹಾಗೇ ಮಲಗಿದರೆ ಮಾತ್ರ ನಿದ್ದೆ.

ವಾರ್ಡ್_ಸಿಸ್ಟರ್
ಮಾಣಿ, ನಾನು ಮಂಗಳೂರಿನಲ್ಲಿ ನವಜಾತ ಶಿಶು ವಾರ್ಡ್‌ನಲ್ಲೇ ಕೆಲಸ ಮಾಡಿ ನಿವೃತ್ತಿಯಾದವಳು. ಕವುಚಿ ಹಾಕುತ್ತಿದ್ದೆವು, ಹೌದು. ಸಣ್ಣ ಮಕ್ಕಳಿಗೆ ಉಸಿರಾಟ ಸುಲಭ ಆಗಲಿ ಅಂತ. ಆದರೆ ಆಗ ಕಾಲಿಗೆ ಪ್ರೋಬ್ ಇರುತ್ತದೆ, ಆಮ್ಲಜನಕ ಇಳಿದರೆ ಮಾನಿಟರ್ ಕೂಗುತ್ತದೆ, ಕೂಗಿದ ಕೂಡಲೇ ಓಡಿ ಬರುವ ನಾವು ಇರುತ್ತೇವೆ. ನಿಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಕೂಗುವವರು ಯಾರು? ಡಿಸ್ಚಾರ್ಜ್‌ಗೆ ಮೊದಲೇ ಅಂಗಾತ ಮಲಗುವ ಅಭ್ಯಾಸ ಮಾಡಿಸಬೇಕು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ನಿದ್ದೆಯಲ್ಲಿ ಹೋಗುವ ಅಪಾಯ ಉಳಿದವರಿಗಿಂತ ಜಾಸ್ತಿ. ಇವತ್ತು ರಾತ್ರಿಯಿಂದಲೇ ಅಂಗಾತ ಹಾಕಿ. ಎರಡು ದಿನ ಅಳಬಹುದು, ಅಳಲಿ.

ಕುಂದಾಪ್ರ_ಮಾಣಿ
ಸರಿ ಸಿಸ್ಟರ್. ಹೆಂಡತಿಗೆ ಓದಿಸಿದೆ. ಇವತ್ತೇ ಶುರು.

ಸುರತ್ಕಲ್_ಇಂಜಿನಿಯರ್
ಒಂದು ತಮಾಷೆ ಗೊತ್ತುಂಟಾ? ಈ ವಿಷಯದಲ್ಲಿ ತಪ್ಪಿದ್ದು ನಮ್ಮ ಅಜ್ಜಿಯಂದಿರಲ್ಲ, ಅಮೆರಿಕ ಮತ್ತು ಯುರೋಪಿನ ಡಾಕ್ಟರುಗಳು. ಕಳೆದ ಶತಮಾನದ ನಡುವಿನಿಂದ ಅವರು ಮಕ್ಕಳನ್ನು ಕವುಚಿ ಮಲಗಿಸಿ ಅಂತ ಹೇಳುತ್ತಾ ಬಂದರು. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಈ ಸಲಹೆ ಹಬ್ಬಿತು, ತೊಟ್ಟಿಲ ಸಾವುಗಳೂ (ಚೆನ್ನಾಗಿದ್ದ ಮಗು ನಿದ್ದೆಯಲ್ಲೇ ಹೋಗುವುದು) ಏರಿದವು. 1987ರಲ್ಲಿ ಅಲ್ಲಿ "ಕವುಚಿ ಹಾಕಬೇಡಿ" ಅಂತ ಪ್ರಚಾರ ಶುರುವಾದ ಮೇಲೆ ಇಳಿಯಿತು. ಅಮೆರಿಕದ ಅಕಾಡೆಮಿ ಎಚ್ಚೆತ್ತದ್ದು 1992ರಲ್ಲಿ, ದೇಶ ಪೂರ್ತಿ ಪ್ರಚಾರ ನಡೆದದ್ದು 1994ರಿಂದ. ಹತ್ತು ವರ್ಷದೊಳಗೆ ಇಂಥ ಸಾವು ಅರ್ಧಕ್ಕಿಂತ ಕಡಿಮೆ ಆಯಿತು. ಔಷಧ ಇಲ್ಲ, ಯಂತ್ರ ಇಲ್ಲ, ಮಗುವನ್ನು ತಿರುಗಿಸಿ ಹಾಕಿದ್ದು ಅಷ್ಟೇ. ನಮ್ಮ ಊರಲ್ಲಿ ಮೊದಲಿನಿಂದಲೂ ಅಂಗಾತವೇ.

ಪುತ್ತೂರಿನ_ಅಜ್ಜಿ
ನೋಡಿದಿಯಾ! ಈಗ ಬಂತು ದಾರಿಗೆ.

ಸುರತ್ಕಲ್_ಇಂಜಿನಿಯರ್
ಅಂಗಾತ ಹಾಕಿದ್ದಕ್ಕೆ ನೂರಕ್ಕೆ ನೂರು, ಅಜ್ಜಿ. ಜೋಲಿಗೆ ಇಲ್ಲ.

ಬಿಜೈ_ಬಾಯಾರಿಕೆ
ಇಷ್ಟೆಲ್ಲ ಯಾಕೆ? ಇದು ಅಮೆರಿಕದ ರೋಗ. ಅಲ್ಲಿ ವರ್ಷಕ್ಕೆ ಸುಮಾರು 3,500 ಮಕ್ಕಳು ನಿದ್ದೆಯಲ್ಲಿ ಹೋಗುತ್ತಾರೆ ಅಂತೆ. ನಮ್ಮಲ್ಲಿ ನವಜಾತ ಶಿಶುಗಳು ಹೋಗುವುದು ದಿನ ತುಂಬದೆ ಹುಟ್ಟಿ, ಸೋಂಕು ತಗಲಿ, ಹೆರಿಗೆ ಸಮಯದಲ್ಲಿ ಉಸಿರು ಕಟ್ಟಿ. ಅದನ್ನು ಬಿಟ್ಟು ದಿಂಬಿನ ಬಗ್ಗೆ ಚರ್ಚೆ.

ಮಣಿಪಾಲ_ಪಿಜಿ
ಮೂರು ಕಾರಣಗಳೂ ಸರಿ, ನಮ್ಮಲ್ಲಿ ದೊಡ್ಡವು ಅವೇ. ಆದರೆ ಮೂಗು ಮುಚ್ಚಿದರೆ ಉಸಿರು ಕಟ್ಟುವುದು ಬೋಸ್ಟನ್‌ನಲ್ಲೂ ಬಿಜೈಯಲ್ಲೂ ಒಂದೇ. ಈ ಸಾವುಗಳು ಜಾಸ್ತಿ ಕಾಣುವುದು ಎರಡರಿಂದ ನಾಲ್ಕು ತಿಂಗಳ ನಡುವೆ. ನೀವು ಹೇಳಿದ ಮೂರನ್ನೂ ದಾಟಿ ಬಂದ, ಚೆನ್ನಾಗಿದ್ದ ಮಕ್ಕಳು ಅವು. ಖರ್ಚಿಲ್ಲದೆ ತಪ್ಪಿಸಬಹುದಾದ್ದನ್ನು ಯಾಕೆ ಬಿಡಬೇಕು?

ಉಳ್ಳಾಲದ_ಉಮ್ಮ
ನಮ್ಮದು ಒಂದೇ ಕೋಣೆ. ನಾನು, ಮಗು, ದೊಡ್ಡವಳು, ಅವಳ ಅಪ್ಪ, ಎಲ್ಲ ಸಾಲಾಗಿ ಮಲಗುವುದು. ಬೇರೆ ಮಂಚ ಇಡಲು ಜಾಗ ಎಲ್ಲಿ? ಈ ಸಲಹೆ ಎಲ್ಲ ದೊಡ್ಡ ಮನೆಯವರಿಗೆ.

ನೀರುದೋಸೆ
ಇದನ್ನು ಕೇಳಿಯೇ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ಇಲ್ಲಿ ತೊಂಬತ್ತು ಭಾಗ ತಾಯಂದಿರು ಮಗುವನ್ನು ಪಕ್ಕದಲ್ಲೇ ಮಲಗಿಸುವುದು, ಒಪ್ಪಿಕೊಳ್ಳಲು ನಾಚಿಕೆ ಯಾಕೆ?

ವಾರ್ಡ್_ಸಿಸ್ಟರ್
ಉಮ್ಮ, ನಿಮ್ಮದು ನ್ಯಾಯವಾದ ಪ್ರಶ್ನೆ. ಮಗುವಿಗೆ ಬೇರೆ ಜಾಗ ಇದ್ದರೆ ಒಳ್ಳೆಯದು ಅಂತಲೇ ಡಾಕ್ಟರುಗಳು ಹೇಳುವುದು. ಆದರೆ ಬೇರೆ ಜಾಗ ಅಂದರೆ ಬೇರೆ ಮಂಚ ಅಂತ ಅಲ್ಲ. ನೆಲದಲ್ಲಿ ಚಾಪೆ, ಅದರ ಮೇಲೆ ಎರಡು ಮಡಿಕೆ ಮಾಡಿದ ಹಳೇ ಪಂಚೆ. ಅದೇ ಮಗುವಿನ ಜಾಗ. ನಿಮ್ಮ ಹಾಸಿಗೆಯ ಬದಿಯಲ್ಲೇ, ಕೈ ಚಾಚಿದರೆ ಸಿಗುವ ಹಾಗೆ. ನೆಲದಲ್ಲಿ ಮಲಗಿದರೆ ಬೀಳುವ ಹೆದರಿಕೆ ಇಲ್ಲ, ತಳ ಗಟ್ಟಿ. ನೆಲ ಥಂಡಿ ಅಂತ ಕಂಡರೆ ಚಾಪೆಯ ಕೆಳಗೆ ಇನ್ನೊಂದು ಚಾಪೆ ಹಾಕಿ, ಫೋಮ್ ಬೇಡ.

ದೊಡ್ಡವಳು ಮಗುವಿನ ಪಕ್ಕ ಬೇಡ. ಎಲ್ಲರಿಗೂ ಸೇರಿಸಿ ಒಂದೇ ದೊಡ್ಡ ಹೊದಿಕೆ ಬೇಡ. ಗಂಡ ಬೀಡಿ ಸಿಗರೇಟು ಸೇದುವವರಾದರೆ, ಕುಡಿದು ಬರುವವರಾದರೆ ಪಕ್ಕ ಮಲಗಿಸಲೇಬಾರದು. ಹೊರಗೆ ಹೋಗಿ ಸೇದಿ ಬಂದರೂ ಅಷ್ಟೇ. ತಾಯಿ ನಿದ್ದೆ ಬರುವ ಮಾತ್ರೆ ತೆಗೆದುಕೊಂಡ ದಿನವೂ ಬೇಡ. ಸಿಸೇರಿಯನ್ ಆದವರಿಗೆ ಕೆಲವು ನೋವಿನ ಮಾತ್ರೆಯಲ್ಲಿ ಮಂಪರು ಬರುತ್ತದೆ. ಮತ್ತೆ ಸೋಫಾದಲ್ಲಿ ಕೂತು ಹಾಲು ಕೊಡುತ್ತಾ ನಿದ್ದೆ ಹೋಗುವುದು ಎಲ್ಲಕ್ಕಿಂತ ಕೆಟ್ಟದು. ನಿದ್ದೆ ತೂಗುತ್ತಿದೆ ಅಂತ ಗೊತ್ತಾದರೆ ಸೋಫಾಕ್ಕಿಂತ ಹಾಸಿಗೆಯಲ್ಲೇ ಕೊಡಿ, ದಿಂಬು ಹೊದಿಕೆ ದೂರ ತಳ್ಳಿ. ಎಚ್ಚರ ಆದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಹಾಕಿ.

ಉಳ್ಳಾಲದ_ಉಮ್ಮ
ಇದು ಆಗುವಂಥ ಮಾತು. ನಮ್ಮ ಮನೆಯಲ್ಲಿ ಅತ್ತೆ ಬೀಡಿ ಕಟ್ಟುತ್ತಾರೆ. ಅದರಿಂದ ಏನಾದರೂ?

ವಾರ್ಡ್_ಸಿಸ್ಟರ್
ನಾನು ಮೇಲೆ ಹೇಳಿದ್ದು ಸುಟ್ಟ ಹೊಗೆಯ ಬಗ್ಗೆ. ಆದರೂ ಹೊಗೆಸೊಪ್ಪಿನ ಪುಡಿ ಮಗುವಿನ ಮೂಗಿಗೆ ಯಾಕೆ? ಸೊಪ್ಪಿನ ತಡಪೆ ಜಗಲಿಯಲ್ಲಿ ಇರಲಿ. ಕಟ್ಟಿ ಎದ್ದವರು ಕೈ ತೊಳೆದು, ಸೀರೆ ಬದಲಿಸಿ ಮಗುವನ್ನು ಎತ್ತಿಕೊಳ್ಳಲಿ.

ಕಾರ್ಕಳದ_ಆಚಾರಿ
ತೊಟ್ಟಿಲ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. ತಂಗಿ, ಅಟ್ಟದ ತೊಟ್ಟಿಲು ಇಳಿಸಿದ ಮೇಲೆ ಈ ಕೆಲವು ನೋಡಿ. ತಳದ ಹಲಗೆ ಸಮ ಉಂಟಾ, ಗೆದ್ದಲು ಹಿಡಿದಿದೆಯಾ, ಮೂಲೆಯ ಕೂಡಿಕೆ ಅಲುಗಾಡುತ್ತದಾ. ಬದಿಯ ಕಂಬಿಗಳ ನಡುವೆ ಎಷ್ಟು ಎಡೆ ಉಂಟು ಅಂತ ಅಳೆಯಿರಿ. 6 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಬೀಳಬಹುದು. ಹಳೇ ತೊಟ್ಟಿಲಲ್ಲಿ ಚಂದಕ್ಕೆ ಅಂತ ಎಡೆ ಜಾಸ್ತಿ ಬಿಡುತ್ತಿದ್ದರು, ಆಗ ಯಾರೂ ಅಳೆಯುತ್ತಿರಲಿಲ್ಲ. ಎಡೆ ಜಾಸ್ತಿ ಇದ್ದರೆ ನಡುವೆ ಒಂದೊಂದು ಕಂಬಿ ಸೇರಿಸಿ ಕೊಡುತ್ತೇವೆ, ದೊಡ್ಡ ಕೆಲಸ ಅಲ್ಲ. ಹಳೇ ಬಣ್ಣ ಏಳುತ್ತಿದ್ದರೆ ಕೆರೆದು ತೆಗೆಯಬೇಕು, ಕೆಲವು ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಹಾಸಿಗೆ ತಳಕ್ಕೆ ಸರಿಯಾಗಿ ಕೂರಬೇಕು, ಬದಿಯಲ್ಲಿ ಸಂದು ಇರಬಾರದು.

ನೇತು ಹಾಕುವುದಾದರೆ ನಾಲ್ಕೂ ಸರಪಳಿ ಒಂದೇ ಉದ್ದ. ಒಂದು ಕಡೆ ತಗ್ಗಿದರೆ ಮಗು ಜಾರಿ ಆ ಬದಿಗೇ ಹೋಗಿ ಒತ್ತುತ್ತದೆ. ಜಂತಿಯ ಕೊಂಡಿ ತುಕ್ಕು ಹಿಡಿದಿದ್ದರೆ ಬದಲಿಸಿ. ಮಗು ಕೈಯೂರಿ ಏಳಲು ಶುರು ಮಾಡಿದ ದಿನ ತೊಟ್ಟಿಲು ಮತ್ತೆ ಅಟ್ಟಕ್ಕೆ.

ಮಣಿಪಾಲ_ಪಿಜಿ
ಆಚಾರ್ರೇ, ನಿಮ್ಮ 6 ಸೆಂಟಿಮೀಟರ್ ಅಮೆರಿಕದ ತೊಟ್ಟಿಲು ನಿಯಮದಲ್ಲೂ ಇರುವ ಲೆಕ್ಕ. ಒಂದೇ ಸೇರಿಸುತ್ತೇನೆ: ತೂಗಿ ನಿದ್ದೆ ಬಂದ ಮೇಲೆ ತೂಗುವುದು ನಿಲ್ಲಿಸಿ. ಮತ್ತೆ ಕಂಬಿಗೆ ಸುತ್ತ ಮೆತ್ತೆ ಕಟ್ಟುತ್ತಾರಲ್ಲ, ಬಂಪರ್ ಅಂತ, ಅದು ಬೇಡ. ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ಅದರ ಮಾರಾಟವನ್ನೇ ನಿಲ್ಲಿಸಿದರು.

ಕಟಪಾಡಿ_ಬಾಣಂತಿ
ಅಜ್ಜಿಗೆ ಇದನ್ನು ಓದಿ ಹೇಳಿದೆ. "ಆಚಾರಿ ಹೇಳಿದರೆ ಸರಿಯೇ ಇರುತ್ತದೆ" ಅಂದರು. ಡಾಕ್ಟರ್ ಬರೆದದ್ದಕ್ಕೆ ಏನೂ ಹೇಳಲಿಲ್ಲ. 😄

ಸೊಳ್ಳೆಗೆ ಏನು ಮಾಡುವುದು? ಕಾಯಿಲ್ ಹಚ್ಚುತ್ತಿದ್ದಾರೆ. ಮತ್ತೆ ಟೊಪ್ಪಿ?

ಕುಂದಾಪ್ರ_ಮಾಣಿ
ಕಾಯಿಲ್ ಬಿಡಿ ಅಕ್ಕ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಹೊಗೆ ಕುಡಿದ ಹಾಗೆ. ಕೊಡೆ ಹಾಗೆ ಬಿಡಿಸುವ ಸೊಳ್ಳೆಪರದೆ ತನ್ನಿ. ಮಂಗಳೂರಿನ ಮಲೇರಿಯಾ ನೋಡಿದವರಿಗೆ ಪರದೆ ಬೇಡ ಅನ್ನುವ ಧೈರ್ಯ ಬಾರದು. ಆದರೆ ತೊಟ್ಟಿಲು ಶಾಸ್ತ್ರಕ್ಕೆ ಎಲ್ಲರೂ ಕೊಡುವ ಸೆಟ್ ಉಂಟಲ್ಲ, ಮೆತ್ತನೆ ಹಾಸಿಗೆ, ತಲೆದಿಂಬು, ಎರಡು ಬದಿಗೆ ಎರಡು ಉದ್ದ ದಿಂಬು, ಮೇಲೆ ಪರದೆ? ಅದರಲ್ಲಿ ಪರದೆ ಮಾತ್ರ ಬಳಸಿ. ನಮಗೆ ನಾಲ್ಕು ಸೆಟ್ ಬಂದಿತ್ತು, ನಾಲ್ಕರಲ್ಲೂ ಕರಡಿ ಚಿತ್ರ.

ವಾರ್ಡ್_ಸಿಸ್ಟರ್
ಪರದೆ ಜೋತು ಮುಖಕ್ಕೆ ಬರಬಾರದು. ಸೊಳ್ಳೆಗೆ ಹಚ್ಚುವ ಕ್ರೀಮ್ ಎರಡು ತಿಂಗಳ ಒಳಗಿನ ಮಗುವಿಗೆ ಬೇಡವೇ ಬೇಡ.

ಟೊಪ್ಪಿ ಮನೆಯೊಳಗೆ ನಿದ್ದೆ ಹೊತ್ತಿಗೆ ಬೇಡ. ಮಕ್ಕಳು ಬಿಸಿ ಬಿಡುವುದು ಜಾಸ್ತಿ ತಲೆಯಿಂದ. ಜಾರಿ ಮೂಗಿಗೂ ಬರುತ್ತದೆ. ತೂಕ ತುಂಬಾ ಕಡಿಮೆ ಇರುವ ಮಕ್ಕಳಿಗೆ ಮಾತ್ರ ಡಾಕ್ಟರ್ ಹೇಳಿದ ಹಾಗೆ. ಕೈಕಾಲು ತಣ್ಣಗಿದ್ದರೆ ಹೆದರಬೇಡಿ, ಅದು ಸಹಜ. ಎದೆ ಮತ್ತು ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಕಡಿಮೆ ಮಾಡಿ. ನಮ್ಮ ಕರಾವಳಿಯ ಸೆಕೆಗೆ ಎರಡು ಹೊದಿಕೆ ಅಂದರೆ ಹಿಂಸೆ.

ಸುರತ್ಕಲ್_ಇಂಜಿನಿಯರ್
ಬ್ರಿಟನ್‌ನವರು ಮಗುವಿನ ಕೋಣೆ 16ರಿಂದ 20 ಡಿಗ್ರಿ ಇರಲಿ ಅನ್ನುತ್ತಾರೆ. ಸುರತ್ಕಲ್‌ನಲ್ಲಿ ಅದನ್ನು ಓದಿದರೆ ನಗು ಬರುತ್ತದೆ. ಏಸಿ ಇದ್ದವರು 25–26ಕ್ಕೆ ಇಡಿ, ಗಾಳಿ ನೇರ ಮಗುವಿಗೆ ಬೇಡ. ಏಸಿ ಇಲ್ಲದವರು ಫ್ಯಾನ್ ಹಾಕಲು ಹೆದರಬೇಡಿ. 2008ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ ಫ್ಯಾನ್ ಇದ್ದ ಕೋಣೆಯ ಮಕ್ಕಳಲ್ಲಿ ಅಪಾಯ 72% ಕಡಿಮೆ ಕಂಡಿತ್ತು. ಒಂದೇ ಅಧ್ಯಯನ, ಅದನ್ನೇ ನಂಬಿ ಕೂರಬೇಡಿ. ಆದರೆ ಫ್ಯಾನ್ ಹಾಕಿದರೆ ಶೀತ ಆಗುತ್ತದೆ ಅನ್ನುವವರಿಗೆ ತೋರಿಸಲು ಸಾಕು.

ಪುತ್ತೂರಿನ_ಅಜ್ಜಿ
ಲೋಬಾನ ಬೇಡ, ಟೊಪ್ಪಿ ಬೇಡ, ಜೋಲಿ ಬೇಡ. ಇನ್ನು ಅಜ್ಜಿಯೂ ಬೇಡ ಅಂತ ಬರೆದುಬಿಡಿ.

ನೀರುದೋಸೆ
ಅಯ್ಯೋ ಅಜ್ಜಿ, ನೀವಿಲ್ಲದೆ ಮಗುವನ್ನು ಮೀಯಿಸುವವರು ಯಾರು? ನನಗೆ ಇವತ್ತಿಗೂ ಕಾಲ ಮೇಲೆ ಹಾಕಿ ಮೀಯಿಸಲು ಬರುವುದಿಲ್ಲ.

ವಾರ್ಡ್_ಸಿಸ್ಟರ್
ಅಜ್ಜಿಯವರೇ, ಎಣ್ಣೆ ತಿಕ್ಕುವುದು, ಬಿಸಿನೀರು, ಜೋಗುಳ, ಹಳೇ ಹತ್ತಿ ಬಟ್ಟೆ, ತಾಯಿ ಮಗು ಒಂದೇ ಕೋಣೆ, ಎಲ್ಲ ಹಾಗೇ ಇರಲಿ. ಆದರೆ ಹೊಗೆ ವಿಷಯದಲ್ಲಿ ನಾನು ಬಿಡುವುದಿಲ್ಲ. ಮಳೆಗಾಲದಲ್ಲಿ ಬಾಣಂತಿ ಕೋಣೆಗೆ ಗೆರಟೆ ಕೆಂಡ ತಂದಿಟ್ಟು, ಬಟ್ಟೆ ಒಣಗಲಿ ಅಂತ ಬಾಗಿಲು ಕಿಟಕಿ ಹಾಕಿಬಿಡುತ್ತಾರೆ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಾಯಿಗೂ ಮಗುವಿಗೂ ಒಟ್ಟಿಗೇ ಅಪಾಯ. ಕೆಂಡ ಹೊರಗಿನ ಚಾವಡಿಯಲ್ಲಿ ಇರಲಿ. ಲೋಬಾನ ಹಾಕಲೇಬೇಕು ಅಂತ ಇದ್ದರೆ ದೇವರ ಕೋಣೆಯಲ್ಲಿ ಹಾಕಿ.

ಪುತ್ತೂರಿನ_ಅಜ್ಜಿ
ಕೆಂಡದ ವಿಷಯ ನಾನೂ ಒಪ್ಪುತ್ತೇನೆ. ಹಿಂದಿನ ಮನೆಗೆ ಹಂಚಿನ ಮಾಡು, ಸಂದಿಯಲ್ಲಿ ಗಾಳಿ ಓಡಾಡುತ್ತಿತ್ತು. ಈಗಿನದ್ದು ಸ್ಲ್ಯಾಬ್, ಗಾಜಿನ ಕಿಟಕಿ. ಜೋಲಿ ಬಗ್ಗೆ ಯೋಚನೆ ಮಾಡುತ್ತೇನೆ. ಹಗಲು ನಾನು ಎದುರಿಗೇ ಕೂತು ತೂಗಿದರೆ?

ಮಣಿಪಾಲ_ಪಿಜಿ
ಎದುರಿಗೆ ಕೂತು, ಮುಖ ನೋಡುತ್ತಾ ತೂಗಿ, ನಿದ್ದೆ ಬಂದ ಮೇಲೆ ಎತ್ತಿ ಚಾಪೆಗೆ ಹಾಕುವುದಾದರೆ ನಾನು ಜಗಳಕ್ಕೆ ಬರುವುದಿಲ್ಲ ಅಜ್ಜಿ. ತೂಗಲು ಕೊಟ್ಟು ಅಡುಗೆಗೆ ಹೋಗುವುದು ಬೇಡ.

ಕಟಪಾಡಿ_ಬಾಣಂತಿ
ಇನ್ನೊಂದು ಡೌಟು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಮಾತ್ರ ಮಲಗುತ್ತಾಳೆ. ಕಾಲು ನೇರ ಮಾಡಿ ಸುತ್ತಬೇಕು, ಇಲ್ಲದಿದ್ದರೆ ಕಾಲು ಸೊಟ್ಟ ಆಗುತ್ತದೆ ಅಂತಾರೆ ಮೀಯಿಸಲು ಬರುವವರು.

ಮಣಿಪಾಲ_ಪಿಜಿ
ಕಾಲು ನೇರ ಎಳೆದು ಕಟ್ಟಲೇಬೇಡಿ, ಸೊಂಟದ ಕೀಲು ಜಾರಬಹುದು. ಹುಟ್ಟಿದ ಮಕ್ಕಳ ಕಾಲು ಕಪ್ಪೆಯ ಹಾಗೆ ಮಡಚಿರುವುದೇ ಸರಿ. ಎದೆಯ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ, ಸೊಂಟದ ಕೆಳಗೆ ಪೂರ್ತಿ ಸಡಿಲ. ಸುತ್ತಿದ ಮಗು ಅಂಗಾತವೇ ಇರಬೇಕು. ಮಗುಚಲು ನೋಡುವ ಲಕ್ಷಣ ಕಂಡ ದಿನವೇ ಸುತ್ತುವುದು ನಿಲ್ಲಿಸಿ, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ. ಕುತ್ತಿಗೆಯಲ್ಲಿ ದಾರ, ತಾಯಿತ, ಬಜೆ ಮಾಲೆ ಇದ್ದರೆ ಮಲಗುವಾಗ ತೆಗೆದಿಡಿ.

ನೀರುದೋಸೆ
ನಿಮ್ಮ ಮನೆಗೆ ಆಶಾ ಕಾರ್ಯಕರ್ತೆ ಬರುತ್ತಿದ್ದಾರಾ? ಆಸ್ಪತ್ರೆ ಹೆರಿಗೆ ಆದರೆ 3, 7, 14, 21, 28, 42ನೇ ದಿನ ಬರಬೇಕು. ತವರಿನಲ್ಲಿದ್ದರೆ ಅಲ್ಲಿಯ ಆಶಾಗೆ ತಿಳಿಸಿ. ನಮ್ಮ ಆಶಾ ಅಕ್ಕ ಒಂದು ಮಾತು ಹೇಳಿದರೆ ನನ್ನ ಅತ್ತೆ ಮರುಮಾತಾಡುತ್ತಿರಲಿಲ್ಲ.

ಕಟಪಾಡಿ_ಬಾಣಂತಿ
ಬರುತ್ತಾರೆ, 28ನೇ ದಿನದ್ದು ಬಾಕಿ ಉಂಟು. ಅವರ ಬಾಯಿಂದಲೇ ದಿಂಬಿನ ಮಾತು ಹೇಳಿಸುತ್ತೇನೆ. ಅತ್ತೆಯೂ ಆ ದಿನ ಬರುವವರಿದ್ದಾರೆ. ತೊಟ್ಟಿಲು ಇಳಿಸಿ ಆಯಿತು, ಎಡೆ 8 ಸೆಂಟಿಮೀಟರ್ ಉಂಟು. ಆಚಾರಿಯವರೇ, ಕಾರ್ಕಳದಿಂದ ಇಲ್ಲಿಗೆ ಬರುತ್ತೀರಾ?

ಕಾರ್ಕಳದ_ಆಚಾರಿ
ಭಾನುವಾರ ಮಳೆ ಬಿಟ್ಟರೆ ಬರುತ್ತೇನೆ. ಅಷ್ಟರವರೆಗೆ ಮಗು ಚಾಪೆಯಲ್ಲೇ ಮಲಗಲಿ, ಖಾಲಿ ತೊಟ್ಟಿಲು ಯಾರೂ ತೂಗಬೇಡಿ.

ಸುರತ್ಕಲ್_ಇಂಜಿನಿಯರ್
ಖಾಲಿ ತೊಟ್ಟಿಲು ತೂಗಬಾರದು ಅನ್ನುವುದಕ್ಕೆ ಪುರಾವೆ ಏನು?

ಕಾರ್ಕಳದ_ಆಚಾರಿ
ಕೂಡಿಕೆ ಸಡಿಲ ಆಗುತ್ತದೆ ಮಾರಾಯ್ರೇ, ಮತ್ತೆಂತ ಪುರಾವೆ.

ಬಿಜೈ_ಬಾಯಾರಿಕೆ
ಹಲಸಿನ ಮರದ ಹೊಸ ತೊಟ್ಟಿಲಿಗೆ ಈಗ ಎಷ್ಟು? ತಂಗಿಗೆ ಡ್ಯೂ ಡೇಟ್ ಹತ್ತಿರ ಬಂತು.

ಮಲ್ಪೆ_ಬಂಗುಡೆ
"ಅಮೆರಿಕದ ರೋಗ" ಅಂದವರು ಈಗ ರೇಟು ಕೇಳುತ್ತಿದ್ದಾರೆ.

ಬಿಜೈ_ಬಾಯಾರಿಕೆ
ಕೇಳಬಾರದಾ? ಫ್ಲ್ಯಾಟ್ ಬೇರೆ, ಸ್ಲ್ಯಾಬಿಗೆ ಕೊಂಡಿ ಹೊಡೆಯಲು ಓನರ್ ಬಿಡುವುದಿಲ್ಲ.

ಕಾರ್ಕಳದ_ಆಚಾರಿ
ಕೊಂಡಿ ಬೇಡ, ಸ್ಟ್ಯಾಂಡ್ ಇರುವುದನ್ನು ಮಾಡಿಸಿ. ಕಾಲು ಅಗಲ ಇರಬೇಕು. ಮೆಸೇಜ್ ಹಾಕಿ, ಮರ ನೋಡಿ ರೇಟು ಹೇಳುತ್ತೇನೆ.